ಜೆಟ್ಟಿನ ಮೂರು ಪರದೆಗಳು

ಆ ವಿಮಾನದೊಳಗೆ ನೆಟ್ಟಗೆ ನಿಲ್ಲಲು ಆಗುವುದಿಲ್ಲ. ನನ್ನಂಥ ಕುಳ್ಳಿಯೇ ತಲೆ ತಗ್ಗಿಸಬೇಕು. ಟಿ.ವಿ.ಯಲ್ಲಿ ದೊಡ್ಡ ಮನುಷ್ಯರು ಇಂಥದ್ದರಿಂದ ಇಳಿದು ಬರುವುದನ್ನು ನೋಡಿ ಒಳಗೊಂದು ಅರಮನೆಯೇ ಇರಬೇಕು ಅಂದುಕೊಂಡಿದ್ದೆ. ಬಗ್ಗಿ ಒಳಗೆ ಕಾಲಿಟ್ಟರೆ, ಹಲಸೂರಿನ ನಮ್ಮ ಮನೆಯಲ್ಲಿ ಅಡುಗೆಮನೆಯಿಂದ ಬಟ್ಟೆ ಒಗೆಯುವ ಕಲ್ಲಿಗೆ ಹೋಗುವ ಸಂದಿಗಿಂತ ಒಂದಿಷ್ಟು ಅಗಲ, ಅಷ್ಟೇ. ಎದುರುಬದುರು ನಾಲ್ಕು ಚರ್ಮದ ಸೀಟು, ಹಿಂದೆ ಇನ್ನೆರಡು, ಕೊನೆಯಲ್ಲಿ ಶೌಚಾಲಯ. ಒಂದು ಸೀಟಿನ ಕೈಯ ಮೇಲೆ ಯಾರದೋ ಉಂಗುರ ಉಜ್ಜಿ ಉಜ್ಜಿ ಆದ ಗೀರು. ಕಿಟಕಿಯ ಅಂಚಿನಲ್ಲಿ ಅರ್ಧ ಬಾದಾಮಿ.

"ಮೂರು ಕರ್ಟನ್, ನಾಲ್ಕು ಸೀಟ್ ಕವರ್. ಅಷ್ಟೇ ಮೇಡಂ," ಅಂದರು ವಿಮಾನ ನಿಲ್ಲಿಸುವ ಹ್ಯಾಂಗರಿನ ಮ್ಯಾನೇಜರು. ಚಿಕ್ಕ ವಯಸ್ಸು, ಎರಡು ಫೋನು, ಇಸ್ತ್ರಿ ಮುರಿಯದ ಬಿಳಿ ಅಂಗಿ. "ಮನೆ ಕರ್ಟನ್ ಹೊಲಿಯೋರಿಗೆ ಇದೇನು ಮಹಾ ಬಿಡಿ."

ನನ್ನ ಹಿಂದೆ ನಿಂತಿದ್ದ ಜೊತೆಗಾತಿ ಮೆಲ್ಲಗೆ ಅಂದಳು: "ಮನೀ ಕರ್ಟನ್ ಹೊಲ್ಯಾಕೂ ಬರ್ಬೇಕಲ್ರಿ ಅಕ್ಕಾರ. ಇವ್ರಿಗೇನ್ ಗೊತ್ತು."

ಅವಳು ಕಲಬುರಗಿ ಕಡೆಯವಳು. ಗಂಡ ಮಹದೇವಪುರದ ಕಟ್ಟಡ ಕೆಲಸಕ್ಕೆ ಹೋಗುತ್ತಾನೆ, ಇವಳು ರಾಮಮೂರ್ತಿ ನಗರದ ಬಾಡಿಗೆ ರೂಮಿನಿಂದ ಬಸ್ಸು ಹಿಡಿದು ದಿನಾ ನಮ್ಮ ಮನೆಗೆ ಬರುತ್ತಾಳೆ. ಕಾರ್‌ ಶೆಡ್ಡಿನಲ್ಲಿ ಎರಡು ಹೊಲಿಗೆ ಯಂತ್ರ ಹಾಕಿಕೊಂಡು ಇಂದಿರಾನಗರ, ದೊಮ್ಮಲೂರಿನ ಮನೆಗಳಿಗೆ ನಾವಿಬ್ಬರೂ ಪರದೆ, ಸೋಫಾ ಹೊದಿಕೆ ಹೊಲಿಯುತ್ತೇವೆ. ಅಂಥ ಒಬ್ಬ ಗಿರಾಕಿಯ ಮೂಲಕ ಈ ಕೆಲಸ ಬಂದಿತ್ತು. ನಮ್ಮ ಯಜಮಾನರಂತೂ ಸುದ್ದಿ ಕೇಳಿದ ದಿನದಿಂದ ಸುಮ್ಮನಿರಲಿಲ್ಲ. "ಜೆಟ್ಟಿಗೆ ಕರ್ಟನ್ನಾ? ನಮ್ಮ ಬೆಡ್‌ರೂಮ್ ಕರ್ಟನ್ನಿನ ಕೊಕ್ಕೆ ಬಿದ್ದು ಎರಡು ದೀಪಾವಳಿ ಆಯ್ತು. ನಾವೂ ಒಂದು ರನ್‌ವೇ ಮಾಡಿಸಬೇಕೇನೋ."

ಹಳೇ ಏರ್‌ಪೋರ್ಟ್ ಕಡೆಯ ಆ ಹ್ಯಾಂಗರಿನಲ್ಲಿ ಮೊದಲ ದಿನ ನಮಗೆ ಪಾಠ ಹೇಳಿದ್ದು ಆ ವಿಮಾನ ಇಟ್ಟುಕೊಂಡಿರುವ ಕಂಪನಿಯ ಇನ್ಸ್‌ಪೆಕ್ಟರು. ವಿಮಾನಕ್ಕೆ ಹಾಕುವ ಪ್ರತಿಯೊಂದು ವಸ್ತುವನ್ನೂ ಅವರು ನೋಡಿ ಒಪ್ಪಬೇಕು. ನಿವೃತ್ತಿಗೆ ಹತ್ತಿರದ ವಯಸ್ಸು, ಬೇಸಿಗೆಯಲ್ಲೂ ತೋಳಿಲ್ಲದ ಸ್ವೆಟರು. ಕತ್ತರಿ, ಸೂಜಿ, ಟೇಪು ಎಲ್ಲಕ್ಕೂ ನಂಬರಿನ ಬಿಲ್ಲೆ ಕಟ್ಟಿಸಿ, ಒಳಗೆ ತಂದದ್ದೆಲ್ಲ ಹೊರಗೆ ಹೋಗಬೇಕು ಅಂದರು. ಆಮೇಲೆ ನಮ್ಮನ್ನು ವಿಮಾನದ ಸುತ್ತ ಕರೆದುಕೊಂಡು ಹೋದರು. ಎಂಜಿನ್ನುಗಳು ರೆಕ್ಕೆಯ ಕೆಳಗಿಲ್ಲ. ಬಾಲದ ಹತ್ತಿರ, ಜಡೆಯ ಎರಡು ಪಕ್ಕ ಹೂ ಮುಡಿದ ಹಾಗೆ ಒಂದೊಂದು.

"ಒಂದು ನಿಂತರೆ ಇನ್ನೊಂದರಲ್ಲೇ ತಂದು ಇಳಿಸಬಹುದು. ಅದಕ್ಕೇ ಎಲ್ಲರಿಗೂ ಇದರ ಮೇಲೆ ನಂಬಿಕೆ," ಅಂದರು. "ಈ ಸೈಜಿನ ಜೆಟ್ಟಿಗೆ ಎಷ್ಟು ವೇಷ ಗೊತ್ತಾ ಅಮ್ಮಾ? ಬೆಳಿಗ್ಗೆ ಸೇಠ್‌ಗಳನ್ನ ಮುಂಬೈಗೆ ಕರ್ಕೊಂಡು ಹೋಗತ್ತೆ. ಸೀಟು ತೆಗೆದು ಯಂತ್ರ ಕೂರಿಸಿದ್ರೆ ಏರ್‌ಪೋರ್ಟುಗಳ ರೇಡಿಯೋ ಸಿಗ್ನಲ್ ಸರಿ ಇದೆಯಾ ಅಂತ ನೋಡ್ಕೊಂಡು ಬರತ್ತೆ. ಒಂದೊಂದು ದೇಶದ ಸೈನ್ಯದಲ್ಲಿ ಇಂಥದ್ದು ಸಮುದ್ರ ಕಾಯತ್ತೆ, ಜನರಲ್‌ಗಳನ್ನ ಓಡಾಡಿಸತ್ತೆ. ಗುಂಡು ಹೊಡೆಯೋದನ್ನ ಕಲಿಯೋರಿಗೆ ಹಿಂದೆ ಹಗ್ಗದಲ್ಲಿ ಗುರಿ ಕಟ್ಕೊಂಡು ಎಳೆಯತ್ತೆ."

"ಪಾಪ," ಅಂದಳು ನನ್ನ ಜೊತೆಗಾತಿ. "ಹಿಂದ್ ಕಟ್ಕೊಂಡು ಹಾರೂದ್ರಿ? ತಪ್ಪಿ ಇದಕ್ಕ ಬಡದ್ರ?"

"ಹಗ್ಗ ಉದ್ದ ಇರತ್ತಮ್ಮಾ," ಅಂತ ಅವರು ನಕ್ಕರು.

ಈ ವಿಮಾನಕ್ಕೆ ಬರಲಿದ್ದ ವೇಷ ಬೇರೆ. ಸೇನೆಯ ಸ್ವಂತ ವಿಮಾನಗಳು ಬೇರೆಡೆ ಇರುವಾಗ ಗಾಯಗೊಂಡ ಸೈನಿಕರನ್ನು ಗಡಿ ಕಡೆಯಿಂದ ದೊಡ್ಡ ಆಸ್ಪತ್ರೆಗೆ ತರಲು ಕಂಪನಿ ಇದನ್ನು ಕೊಡುವುದು, ಉಳಿದ ದಿನ ಮತ್ತೆ ಸೇಠ್‌ಗಳಿಗೆ. ಒಂದು ಪಕ್ಕದ ಎರಡು ಸೀಟುಗಳನ್ನು ಬಿಚ್ಚಿ, ನೆಲದ ಅದೇ ಹಳಿಗಳ ಮೇಲೆ ಸ್ಟ್ರೆಚರ್ ಕೂರಿಸಬೇಕು. ಸ್ಟ್ರೆಚರಿನ ಕೆಳಗಿನ ಪೆಟ್ಟಿಗೆಯಲ್ಲಿ ಆಕ್ಸಿಜನ್ ಸಿಲಿಂಡರು. ಉಳಿಯುವ ಸೀಟುಗಳಿಗೆ ರಕ್ತ ಬಿದ್ದರೂ ಒರೆಸಬಹುದಾದ ಹೊದಿಕೆ. ಮತ್ತೆ ಮೂರು ಪರದೆ: ಪೈಲಟ್ಟುಗಳಿಗೂ ಕ್ಯಾಬಿನ್ನಿಗೂ ನಡುವೆ ಒಂದು (ಇಲ್ಲದಿದ್ದರೆ ರಾತ್ರಿ ಡಾಕ್ಟರು ಲೈಟು ಹಾಕಿದಾಗ ಪೈಲಟ್ಟಿನ ಎದುರಿನ ಗಾಜಿನಲ್ಲಿ ಕ್ಯಾಬಿನ್ನೇ ಕಾಣುತ್ತದೆ, ಹೊರಗಿನದು ಕಾಣುವುದಿಲ್ಲ), ಸ್ಟ್ರೆಚರಿನ ಪಕ್ಕಕ್ಕೆ ಒಂದು, ಹಿಂದೆ ಶೌಚಾಲಯಕ್ಕೆ ಒಂದು. ಸೇನೆಯ ವೈದ್ಯಾಧಿಕಾರಿ ಬಂದು ನೋಡಿ ಒಪ್ಪಿದರೆ ಕೆಲಸ ಕಂಪನಿಗೆ. ಆ ದಿನಾಂಕ ಆಗಲೇ ಗೊತ್ತಾಗಿತ್ತು.

ಅಳತೆ ತೆಗೆಯುವುದಕ್ಕೇ ಬೆವರು ಇಳಿಯಿತು. ಮನೆಯ ಕಿಟಕಿಗೆ ನಾಲ್ಕು ಮೂಲೆ ಇರುತ್ತವೆ. ಇಲ್ಲಿ ಮೂಲೆಯೇ ಇಲ್ಲ, ಎಲ್ಲವೂ ಹೊಟ್ಟೆಯೊಳಗಿನ ಹಾಗೆ ದುಂಡಗೆ. ಕಾಗದ ಒತ್ತಿ ಒತ್ತಿ ಗುರುತು ಮಾಡಿಕೊಂಡೆವು. ಮನೆಯ ಪರದೆ ಭದ್ರವಾಗಿ ನಿಂತಷ್ಟೂ ಒಳ್ಳೆಯದು. ಇಲ್ಲಿ ಒಂದು ಸಲ ಜಗ್ಗಿದರೆ ಇಡೀ ಪರದೆ ಕಿತ್ತು ಕೈಗೆ ಬರಬೇಕು, ಯಾರೂ ಅದರಲ್ಲಿ ಸಿಕ್ಕಿಕೊಳ್ಳಬಾರದು. ಹಾಗಾಗಿ ಕೊಕ್ಕೆ ಬೇಡ, ಒತ್ತು ಗುಂಡಿ. ಕೆಳ ಅಂಚಿಗೆ ನಾವು ಹಾಕುವ ಸೀಸದ ಗುಂಡೂ ಬೇಡ. ರೆಕ್ಕೆಯ ಮೇಲಿನ ತುರ್ತು ಕಿಟಕಿಯನ್ನು ಪರದೆಯ ನೆರಿಗೆ ಒಂದು ಬೆರಳಷ್ಟೂ ಮುಚ್ಚಬಾರದು. ದಾರ ಕೂಡ ಅವರೇ ಕೊಟ್ಟರು, ಬೆಂಕಿಗೆ ಉರಿಯದ ದಾರ. ದಪ್ಪ ದಾರ ಅದು, ನಮ್ಮ ಯಂತ್ರದಲ್ಲಿ ಒಂದೇ ಸಮನೆ ಕಿತ್ತುಕೊಳ್ಳುತ್ತಿತ್ತು. ಶಿವಾಜಿನಗರದ ರಿಪೇರಿ ಅಂಗಡಿಗೆ ಯಂತ್ರ ಹೊತ್ತುಕೊಂಡು ಹೋಗಿ, ದಪ್ಪ ಸೂಜಿ ಹಾಕಿಸಿ, ದಾರದ ಬಿಗಿ ಸಡಿಲಿಸಿಕೊಂಡು ಬಂದೆವು.

ಸೀಟಿನ ಹೊದಿಕೆಗಳನ್ನು ಅವರು ಕೊಟ್ಟ ಬೇರೆ ಬಟ್ಟೆಯಲ್ಲಿ ಮೊದಲೇ ಹೊಲಿದು ಮುಗಿಸಿದ್ದೆವು. ಪರದೆಯ ಬಟ್ಟೆ ಒಂದು ಉರುಳೆಯಾಗಿ ಬಂತು. ಬೂದು ಬಣ್ಣ, ಕೈಗೆ ಸ್ವಲ್ಪ ಒರಟು. ಅಂಚಿನಿಂದ ಒಂದು ಅಗಲ ಕತ್ತರಿಸಿ ಹ್ಯಾಂಗರಿಗೆ ಒಯ್ದು, ಮಾದರಿಗೆಂದು ತೂಗುಹಾಕಿ ನೋಡಿದೆ. ನೆರಿಗೆ ಚೆನ್ನಾಗಿ ಬೀಳುತ್ತಿತ್ತು. ಆ ವಾರದ ಕೊನೆಗೆ ತಂಗಿಯ ಮಗಳ ನಾಮಕರಣ ಅಂತ ನಾನು ಮೈಸೂರಿಗೆ ಹೋದೆ. ವಾಪಸ್ಸು ಬಂದಾಗ ಉಳಿದ ಬಟ್ಟೆಯೆಲ್ಲ ನೀರಿನಲ್ಲಿ ನೆನೆದು, ಒಣಗಿ, ಇಸ್ತ್ರಿಯಾಗಿ, ಮಡಿಕೆ ಮಡಿಕೆಯಾಗಿ ಮೇಜಿನ ಮೇಲಿತ್ತು.

"ಗಂಜಿ ಭಾಳ ಇತ್ರಿ ಅಕ್ಕಾರ. ನೀರ್ ಬೆಳ್ಳಗಾತು. ಮೂರ್ ಸಲ ಜಾಲಿಸೀನಿ," ಅಂದಳು. ಮುಖದಲ್ಲಿ ಹೆಮ್ಮೆ.

ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ನೀರು ಕಾಣದ ಬಟ್ಟೆಗೆ ಕತ್ತರಿ ತಾಗಿಸಬಾರದು ಅಂತ ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ನಮಗೆ ಹೇಳಿದ್ದು, ನಾನು ಇವಳಿಗೆ ಹೇಳಿದ್ದು. ಒಗೆದ ಮೇಲೆ ಕುಗ್ಗುವ ಬಟ್ಟೆ ಮೊದಲೇ ಕುಗ್ಗಿಬಿಡಲಿ ಅಂತ. ಒಳ್ಳೆಯ ದರ್ಜಿಗಳೆಲ್ಲ ಮಾಡುವ ಕೆಲಸ. ಇಬ್ಬರೂ ಕೂತು ಮೂರು ಪರದೆಗಳನ್ನು ಹೊಲಿದೆವು. ಅಂಚಿನ ಹೊಲಿಗೆ ರೂಲರ್ ಇಟ್ಟು ಗೆರೆ ಎಳೆದ ಹಾಗೆ ಬಂದಿತ್ತು.

ವಿಮಾನಕ್ಕೆ ಹೋಗುವ ಬಟ್ಟೆಯನ್ನು ಸುಟ್ಟು ನೋಡುತ್ತಾರೆ. ಬಟ್ಟೆಯ ತುಂಡು ಮೊದಲೊಮ್ಮೆ ಪಾಸಾಗಿದ್ದರೂ, ಹೊಲಿದಾದ ಮೇಲೆ ಅದೇ ಬಟ್ಟೆ, ಅದೇ ದಾರ, ಅದೇ ಹೊಲಿಗೆ ಇರುವ ಪಟ್ಟಿಗಳನ್ನು ಮತ್ತೆ ಕೊಡಬೇಕು. ಇನ್ಸ್‌ಪೆಕ್ಟರು ಪಟ್ಟಿಯನ್ನು ಗಾಜಿನ ಬಾಗಿಲಿನ ಒಂದು ಉಕ್ಕಿನ ಪೆಟ್ಟಿಗೆಯಲ್ಲಿ ನೇತುಹಾಕಿದರು. ಕೆಳಗಿಂದ ಸಣ್ಣ ಜ್ವಾಲೆ. ಗೊತ್ತಾದಷ್ಟು ಹೊತ್ತು ಹಿಡಿದು ಜ್ವಾಲೆ ತೆಗೆದರೆ, ಬಟ್ಟೆ ಮಸಿಯಾಗಿ ತಾನಾಗಿಯೇ ಆರಬೇಕು.

ಆರಲಿಲ್ಲ. ಜ್ವಾಲೆ ತೆಗೆದ ಮೇಲೂ ಬೆಂಕಿ ಅವಸರವಿಲ್ಲದೆ ಮೇಲೆ ಹತ್ತಿತು. ನಮ್ಮ ಹೊಲಿಗೆಯ ಗೆರೆಯನ್ನು ದಾಟಿತು. ಕ್ಲಿಪ್ಪಿನ ತನಕ ಹೋಗಿ, ಪಟ್ಟಿ ಮುಗಿದದ್ದರಿಂದ ಆರಿತು. ಪೆಟ್ಟಿಗೆಯ ತಳದಲ್ಲಿ ಉರಿಯದ ದಾರ ಮಾತ್ರ ಸುರುಳಿ ಸುತ್ತಿಕೊಂಡು ಬಿದ್ದಿತ್ತು.

ಇನ್ಸ್‌ಪೆಕ್ಟರು ಇನ್ನೊಂದು ಪಟ್ಟಿ ಹಾಕಿದರು. ಅದೂ ಹಾಗೇ. ಕನ್ನಡಕ ತೆಗೆದು ಒರೆಸುತ್ತಾ, "ಮೊದಲ ತುಂಡು ಪಾಸಾಗಿತ್ತಲ್ಲಮ್ಮಾ. ಏನಾಯ್ತು ನೋಡಿ, ಕಾರಣ ಗೊತ್ತಾಗದೆ ನಾನು ಒಪ್ಪೋ ಹಾಗಿಲ್ಲ," ಅಂದರು.

ಮನೆಗೆ ಬರುವ ದಾರಿಯಲ್ಲಿ ದೊಮ್ಮಲೂರಿನ ಫ್ಲೈಓವರಿನ ಮೇಲೆ ಆಟೋ ನಿಂತೇ ಇತ್ತು. ಇದ್ದಕ್ಕಿದ್ದಂತೆ ಅವಳು ಕೇಳಿದಳು: "ಅಕ್ಕಾರ, ಆ ಬಿಳೀ ನೀರು ಗಂಜೀದೇ ಹೌದಲ್ರಿ?"

ಮಾದರಿಯ ತುಂಡು ಮಾತ್ರ ನೀರು ಕಂಡಿರಲಿಲ್ಲ ಅಂತ ಆಗ ನೆನಪಾಯಿತು.

ಮನೆಗೆ ಬಂದವಳೇ ಮಾದರಿಗೆ ಒಯ್ದು ವಾಪಸ್ಸು ತಂದಿದ್ದ ಒಣ ತುಂಡಿನಿಂದ ಒಂದು ಚೂರು, ನೆನೆಸಿದ ಬಟ್ಟೆಯಿಂದ ಒಂದು ಚೂರು ಕತ್ತರಿಸಿ, ಒಂದೊಂದಾಗಿ ಇಕ್ಕಳದಲ್ಲಿ ಹಿಡಿದು ಗ್ಯಾಸ್ ಒಲೆಗೆ ಒಡ್ಡಿದೆ. ನೀರು ಕಾಣದ ಚೂರು ಕಪ್ಪಾಗಿ ಸುಮ್ಮನಾಯಿತು. ನೆನೆಸಿದ ಚೂರು ಹಳೇ ಲುಂಗಿಯ ಹಾಗೆ ಭಗ್ಗೆಂದಿತು. ಸಿಂಕಿಗೆ ಎಸೆದು ನಲ್ಲಿ ಬಿಟ್ಟೆ. ಅದು ಹತ್ತಿಯ ಬಟ್ಟೆಯೇ. ಮೇಲೆ ಬೆಂಕಿ ತಡೆಯುವ ಮದ್ದು ಸವರಿದ್ದರು. ಆ ಮದ್ದನ್ನು ನಾವು ಮೂರು ಸಲ ಜಾಲಿಸಿ ಚರಂಡಿಗೆ ಬಿಟ್ಟಿದ್ದೆವು. ಉರುಳೆಯ ರಟ್ಟಿನ ಕೊಳವೆಯೊಳಗೆ ಕೈ ಹಾಕಿದರೆ ಒಂದು ಚೀಟಿ ಅಂಟಿಕೊಂಡಿತ್ತು: ನೀರಿನ ತೊಟ್ಟಿಯ ಚಿತ್ರ, ಅದರ ಮೇಲೆ ಅಡ್ಡ ಗೆರೆ.

ಅವಳು ಅಡುಗೆಮನೆಯ ಹೊಸಿಲಲ್ಲೇ ಕೂತುಬಿಟ್ಟಳು. "ನನ್ನ ಕೈಯಿಂದಾನೇ ಆತ್ರಿ."

"ನಾನು ಊರಲ್ಲಿದ್ದಿದ್ರೆ ನಾನೇ ನೆನೆಸ್ತಿದ್ದೆ," ಅಂದೆ. ಅದು ಸಮಾಧಾನದ ಮಾತಲ್ಲ, ನಿಜ. "ಎದ್ದೇಳು. ನಾಳೆ ಹೋಗಿ ಹೇಳೋಣ."

ಮರುದಿನ ಮ್ಯಾನೇಜರಿಗೆ ಎಲ್ಲ ಹೇಳಿದೆ. ಹೊಲಿದ ಪರದೆಗಳು ಹ್ಯಾಂಗರಿನ ಪಕ್ಕದ ಕೋಣೆಯ ಮೇಜಿನ ಮೇಲೆಯೇ ಇದ್ದವು. ಅವರು ಎರಡೂ ಫೋನುಗಳನ್ನು ಮೇಜಿನ ಮೇಲೆ ಮಗುಚಿ ಇಟ್ಟರು.

"ಒಗೆದ್ರಾ? ವಿಮಾನದ ಬಟ್ಟೆನ ಯಾರಾದ್ರೂ ಒಗೀತಾರಾ ಮೇಡಂ?"

"ಹೊಲಿಯೋರು ಎಲ್ಲರೂ ನೆನೆಸ್ತಾರೆ. ನೆನೆಸಬಾರದು ಅಂತ ಕೊಡುವಾಗ ಒಂದು ಮಾತು ಹೇಳಬೇಕಿತ್ತು."

"ಯಾರು ನೆನೆಸಿದ್ದು?" ಅವರ ಕಣ್ಣು ನನ್ನ ಹಿಂದಕ್ಕೆ ಹೋಯಿತು.

"ನಮ್ಮ ಮನೇಲಿ," ಅಂದೆ.

ಹೊಸ ಬಟ್ಟೆ ಬರಲು ವಾರಗಳೇ ಬೇಕು, ಸೇನೆಯವರು ಬರುವುದು ಇನ್ನೇನು ಎರಡು ದಿನಕ್ಕೆ. ಮ್ಯಾನೇಜರು ಮೇಜಿಗೆ ಪೆನ್ನು ಕುಟ್ಟಿದರು. ಆಮೇಲೆ ಧ್ವನಿ ಮೆತ್ತಗಾಯಿತು. "ನಿಮ್ಮ ಹತ್ರ ನೆನೆಸದ ತುಂಡು ಒಂದು ಇದೆ ಅಂದ್ರಲ್ಲ. ಅದರಿಂದ ಪಟ್ಟಿ ಹೊಲಿದು ಕೊಡಿ. ನಿನ್ನೆ ಗಡಿಬಿಡೀಲಿ ಬೇರೆ ಯಾವುದೋ ಬಟ್ಟೆ ಪಟ್ಟಿ ಕೊಟ್ಟುಬಿಟ್ಟಿದ್ದೆ ಅಂತ ನಮ್ಮ ಇನ್ಸ್‌ಪೆಕ್ಟರಿಗೆ ಹೇಳಿ. ಪಾಸಾಗತ್ತೆ. ಈ ಕರ್ಟನ್ ಹಾಕೋಣ. ಡೆಮೋಗೆ ಮಾತ್ರ. ಹೊಸ ಬಟ್ಟೆ ಬಂದ ಮೇಲೆ ಚೇಂಜ್ ಮಾಡೋಣ."

"ಅಲ್ಲೀ ತನಕ ಇದೇ ನೇತಾಡತ್ತಾ?"

"ಟೆಂಪರರಿ, ಮೇಡಂ."

ಟೆಂಪರರಿ ಅಂದರೆ ಏನು ಅಂತ ಮನೆ ನಡೆಸುವವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಟೆಂಪರರಿ ಅಂತ ಹಾಕಿದ ಹಳೇ ಸೀರೆಯ ಪರದೆ ನಮ್ಮ ಸ್ಟೋರ್ ರೂಮಿನಲ್ಲಿ ಮಕ್ಕಳು ಕಾಲೇಜಿಗೆ ಹೋಗುವ ತನಕ ಇತ್ತು. ಒಮ್ಮೆ ತೂಗಿದ್ದನ್ನು ಯಾರೂ ಬಿಚ್ಚುವುದಿಲ್ಲ. ಕಣ್ಣಿಗೆ ಚೆನ್ನಾಗಿ ಕಂಡರಂತೂ ಇಲ್ಲವೇ ಇಲ್ಲ. ಇವು ಚೆನ್ನಾಗಿಯೇ ಕಾಣುತ್ತಿದ್ದವು.

"ಅಲ್ಲಿ ಆಕ್ಸಿಜನ್ ಇರತ್ತೆ," ಅಂದೆ. "ಪೇಷಂಟನ್ನ ಕಟ್ಟಿ ಮಲಗಿಸಿರ್ತಾರೆ. ಅವನ ಮುಖದ ಪಕ್ಕದಲ್ಲೇ ಈ ಪರದೆ ಇರತ್ತೆ."

"ಮೇಡಂ, ಇಷ್ಟು ವರ್ಷದಲ್ಲಿ ಈ ವಿಮಾನದಲ್ಲಿ ಒಂದು ಬೆಂಕಿಕಡ್ಡಿ ಕೂಡ ಹತ್ತಿಲ್ಲ. ನೀವು ಕರ್ಟನ್ ಹೊಲಿಯೋರು, ಸೇಫ್ಟಿ ನಾವು ನೋಡ್ಕೋತೀವಿ. ಸಾಯಂಕಾಲ ಹುಡುಗರು ಬಂದು ಹಾಕ್ತಾರೆ. ಒಪ್ಪಿದ್ರೆ ಮುಂದಿನ ಕೆಲಸಾನೂ ನಿಮಗೇ. ಇಲ್ಲಾಂದ್ರೆ, ಒಗೆದು ಹಾಳು ಮಾಡಿದಾಕೆ ಇನ್ನು ಈ ಗೇಟಿನೊಳಗೆ ಬರೋ ಹಾಗಿಲ್ಲ."

ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಸಾಹೇಬ್ರ, ನಾ ಬರಂಗಿಲ್ರಿ. ನಾ ನಾಳಿಂದ ಬರಂಗಿಲ್ಲ. ಖರೇ ಅದ. ಆದ್ರ ಇದನ್ನ ಹಾಕಬ್ಯಾಡ್ರಿ."

ನಾನು ಜಗಳಗಂಟಿಯಲ್ಲ. ತರಕಾರಿಯವನ ಹತ್ತಿರ ಚೌಕಾಸಿ ಮಾಡುವುದಕ್ಕೂ ನನಗೆ ನಾಚಿಕೆ. ಅಲ್ಲಿ ನಿಂತು ವಾದ ಮಾಡಿದ್ದರೆ ಸೋಲುತ್ತಿದ್ದೆ. ಅವರಿಗೆ ಮಾತು ಬರುತ್ತದೆ. ಪಟ್ಟಿ ಕೊಡಲ್ಲ ಅಂತ ಹೇಳಿ ಮನೆಗೆ ಹೋಗಿದ್ದರೂ, ಪರದೆ ಸಾಯಂಕಾಲ ನೇತಾಡುತ್ತಿತ್ತು. ಬಿಲ್ಲೆ ಕಟ್ಟಿದ ದೊಡ್ಡ ಕತ್ತರಿ ಮೇಜಿನ ಮೇಲಿತ್ತು. ಎತ್ತಿಕೊಂಡೆ. ಮೊದಲನೆಯ ಪರದೆಯ ಅಂಚು ಹಿಡಿದು, ಹೊಲಿಗೆಗೆ ಅಡ್ಡವಾಗಿ, ಮೇಲಿಂದ ಕೆಳಕ್ಕೆ ಕತ್ತರಿಸಿದೆ.

"ಏನ್ ಮಾಡ್ತಿದೀರಿ ಮೇಡಂ! ಹಲೋ! ಅದು ಕಂಪನಿ ಬಟ್ಟೆ!"

"ಗೊತ್ತು. ನಮ್ಮ ಬಿಲ್ಲಲ್ಲಿ ಹಿಡ್ಕೊಳ್ಳಿ."

ಬಟ್ಟೆ ದಪ್ಪ. ಬೆರಳು ನೋಯುತ್ತಿತ್ತು. ಅವರು ಕೈ ಹಿಡಿದು ನಿಲ್ಲಿಸಬಹುದಿತ್ತು, ಆದರೆ ನನ್ನ ವಯಸ್ಸಿನ ಹೆಂಗಸಿನ ಕೈ ಹೇಗೆ ಹಿಡಿಯುವುದು ಅಂತ ಅವರಿಗೆ ತೋಚಲಿಲ್ಲ. ಜೊತೆಗಾತಿ ಎರಡನೇ ಪರದೆಯನ್ನು ಮೇಜಿನ ಮೇಲೆ ಹರಡಿ, ಕತ್ತರಿಗೆ ಅನುಕೂಲವಾಗಲಿ ಅಂತ ಎರಡೂ ತುದಿ ಬಿಗಿಯಾಗಿ ಎಳೆದು ಹಿಡಿದಳು. ನಾವು ಮಾತಾಡಿಕೊಂಡಿರಲಿಲ್ಲ. ಮೂರೂ ಪರದೆಗಳು ಒರೆಸುವ ಬಟ್ಟೆಯ ಅಳತೆಯ ತುಂಡುಗಳಾದವು. ಕತ್ತರಿಯನ್ನು ಬಿಲ್ಲೆಯ ಸಮೇತ ಅದರ ಜಾಗದಲ್ಲಿ ಇಟ್ಟೆ.

ಮ್ಯಾನೇಜರ ಮುಖ ಅಂಗಿಯಷ್ಟೇ ಬಿಳಿಯಾಗಿತ್ತು. "ಡೆಮೋ ದಿನ ಸೀಟ್ ಕವರ್ ಸರಿಪಡಿಸೋಕೆ ನೀವು ಇರಲೇಬೇಕು, ಬೇರೆ ದಾರಿ ಇಲ್ಲ. ಬನ್ನಿ, ಹಿಂದೆ ಕೂತಿರಿ, ಬಾಯಿ ಬಿಡಬೇಡಿ. ಅವತ್ತು ಸಾಯಂಕಾಲ ನಿಮ್ಮಿಬ್ಬರ ಕೆಲಸ ಮುಗೀತು. ಪಾಸ್ ವಾಪಸ್ ಕೊಟ್ಟು ಹೋಗಿ."

ಫೋಟೋ ಅಂಟಿಸಿದ ಆ ಪಾಸುಗಳು ನಮ್ಮ ಕೊರಳಲ್ಲಿದ್ದವು. ಕೆಲಸ ಮುಗಿಯುವ ತನಕ ಇಟ್ಟುಕೊಳ್ಳಬಹುದು, ಮುಗಿದ ಮೇಲೆ ಕೊಡಬೇಕು ಅಂತ ಮೊದಲೇ ಹೇಳಿದ್ದರು.

ಹೊರಗೆ ಬಂದ ಮೇಲೆ ಲೆಕ್ಕ ಹಾಕಿದೆ. ಕಾರ್‌ ಶೆಡ್ಡಿನ ಬಾಡಿಗೆ ನಾವು ಯಾರಿಗೂ ಕೊಡಬೇಕಿಲ್ಲ, ನನಗೆ ಊಟಕ್ಕೆ ತೊಂದರೆಯಿಲ್ಲ. ಅವಳಿಗೆ ಹಾಗಲ್ಲ. ಈ ಕೆಲಸ ನಂಬಿಕೊಂಡೇ ಅವಳು ಊರಿನಿಂದ ತನ್ನ ತಂಗಿಯನ್ನೂ ಹೊಲಿಗೆಗೆ ಕರೆಸುವವಳಿದ್ದಳು. "ತಪ್ಪು ಮಾಡಿದ್ನೇನೇ?" ಅಂತ ಕೇಳಿದೆ.

"ಕತ್ರಿ ಮೊಂಡ ಅದ ಅಕ್ಕಾರ," ಅಂದಳು. "ಸಾಣೀ ಹಿಡಸ್ಬೇಕು."

ಗೊತ್ತಾದ ದಿನ ಸೇನೆಯ ವೈದ್ಯಾಧಿಕಾರಿ ಬಂದರು. ಎತ್ತರದ ಹೆಂಗಸು, ಬಿಗಿಯಾದ ತುರುಬು, ಮಣಿಕಟ್ಟಿನ ಒಳಬದಿಗೆ ಗಡಿಯಾರ. ಜೊತೆಗೆ ಇಬ್ಬರು ಶುಶ್ರೂಷೆಯ ಜವಾನರು. ವೈದ್ಯಾಧಿಕಾರಿ ಕನ್ನಡದವರೇ ಅಂತ ಅವರು ಬಾಯಿ ಬಿಟ್ಟ ಮೇಲೆ ಗೊತ್ತಾಯಿತು. ಸೀಟಿನ ಹೊದಿಕೆಯನ್ನು ಉಗುರಿನಿಂದ ಕೆರೆದು ನೋಡಿದರು, ಹೊಲಿಗೆಯ ಸಂದಿಯಲ್ಲಿ ನೀರು ಹೊಯ್ದು ಒಳಗೆ ಇಳಿಯುತ್ತದೆಯೇ ಅಂತ ನೋಡಿದರು. ಇಳಿಯಲಿಲ್ಲ. ನನ್ನ ಜೊತೆಗಾತಿ ನನ್ನ ಸೊಂಟಕ್ಕೆ ಮೊಣಕೈಯಲ್ಲಿ ತಿವಿದಳು.

ಆಮೇಲೆ ಸ್ಟ್ರೆಚರ್ ಒಳಗೆ ಹಾಕುವ ಕಸರತ್ತು. ಬಾಗಿಲು ಕಿರಿದು, ಒಳಗೆ ಹೋಗುತ್ತಿದ್ದಂತೆ ಸ್ಟ್ರೆಚರನ್ನು ಓರೆ ಮಾಡಿ ಹಿಂದಕ್ಕೆ ತಿರುಗಿಸಬೇಕು. ಖಾಲಿ ಸ್ಟ್ರೆಚರಿನಲ್ಲಿ ಅದು ಗೊತ್ತಾಗುವುದಿಲ್ಲ. ಮಲಗಿಸಬೇಕಿದ್ದ ಬೊಂಬೆಯನ್ನು ಕಂಪನಿಯವರು ತರಿಸಿರಲಿಲ್ಲ.

"ಪರವಾಗಿಲ್ಲ," ಅಂದರು ವೈದ್ಯಾಧಿಕಾರಿ. ಮ್ಯಾನೇಜರನ್ನು ಮೇಲಿಂದ ಕೆಳಗೆ ನೋಡಿದರು. "ನೀವು ನಮ್ಮ ಹುಡುಗರಷ್ಟೇ ತೂಕ ಇದೀರಿ. ಮಲಗಿ."

"ನಾನಾ ಮೇಡಂ? ವಿಐಪಿ ಟ್ರೀಟ್‌ಮೆಂಟಾ!" ಅವರು ನಗುತ್ತಲೇ ಫೋನುಗಳನ್ನು ಇನ್ಸ್‌ಪೆಕ್ಟರಿಗೆ ಕೊಟ್ಟು ಮಲಗಿದರು. ಜವಾನರು ಎದೆಗೆ, ಸೊಂಟಕ್ಕೆ, ಮಂಡಿಗೆ ಪಟ್ಟಿ ಬಿಗಿದರು. ಓರೆ ಮಾಡುವಾಗ ಕೈ ಆಚೆ ಬೀಳಬಾರದೆಂದು ತೋಳುಗಳನ್ನೂ ಸೇರಿಸಿ ಬಿಗಿದರು. ಬಾಗಿಲಲ್ಲಿ ಅವರ ಬೂಟು ಚೌಕಟ್ಟಿಗೆ ತಾಗಿತು. ಒಳಗೆ ತಿರುಗಿ, ಹಳಿಯ ಮೇಲೆ ಕೂತು, ಖಟ್ ಅಂತ ಬೀಗ ಬಿತ್ತು. ನಾವು ಹಿಂದಿನ ಸೀಟಿನಲ್ಲಿ ಮುದುಡಿಕೊಂಡಿದ್ದೆವು.

ವೈದ್ಯಾಧಿಕಾರಿ ಆಕ್ಸಿಜನ್ ಮಾಸ್ಕನ್ನು ಅವರ ಕೆನ್ನೆಯ ಪಕ್ಕಕ್ಕೆ ತಂದು ಉದ್ದ ಸಾಕೇ ಅಂತ ನೋಡಿದರು. ಹಾಗೆಯೇ ತಲೆ ಎತ್ತಿದರು. "ಪರದೆ ಸಿಕ್ಕಿಸೋ ಗುಂಡಿಪಟ್ಟಿ ಇದೆ. ಪರದೆ ಎಲ್ಲಿ?"

ಸ್ಟ್ರೆಚರಿನಿಂದ ಉತ್ತರ ಬಂತು: "ಡ್ರೈಕ್ಲೀನಿಂಗಿಗೆ ಹೋಗಿದೆ ಮೇಡಂ. ಬರತ್ತೆ."

"ಹೋಗಿಲ್ಲ," ಅಂದೆ. ನನ್ನ ಧ್ವನಿ ನನಗೇ ಹೊಸದಾಗಿ ಕೇಳಿಸಿತು. "ಕತ್ತರಿಸಿ ಹಾಕಿದ್ದೀನಿ."

ವೈದ್ಯಾಧಿಕಾರಿ ನನ್ನ ಕಡೆ ತಿರುಗಿದರು. ಮದ್ದು ಸವರಿದ ಬಟ್ಟೆ, ನೀರು, ಸುಟ್ಟ ಪಟ್ಟಿ, ಎಲ್ಲವನ್ನೂ ಹೇಳಿದೆ. ಆ ಪರದೆಗಳನ್ನೇ ತೂಗುಹಾಕಲು ಹೇಳಿದ್ದರು, ಅದಕ್ಕೇ ಕತ್ತರಿಸಿದೆ ಅಂತಲೂ ಹೇಳಿದೆ. ಯಾರು ಹೇಳಿದ್ದು ಅಂತ ಅವರು ಕೇಳಲಿಲ್ಲ. ಸ್ಟ್ರೆಚರಿನ ಮೇಲೆ ಬಗ್ಗಿದರು.

"ಈಗ ಪರದೆ ಹತ್ತಿಕೊಂಡಿತು ಅಂತ ಇಟ್ಕೊಳ್ಳಿ. ಪೈಲಟ್ ಇಳಿಸೋಕೆ ನೋಡ್ತಿದಾರೆ. ನೀವೇನು ಮಾಡ್ತೀರಿ?"

ಮ್ಯಾನೇಜರು ಕೈ ಎತ್ತಲು ಹೋದರು. ತೋಳು ಅಲುಗಿತು, ಅಷ್ಟೇ. "ಬೆಲ್ಟ್ ಬಿಚ್ಚಿ ಮೇಡಂ."

"ಯಾರಿಗೆ ಹೇಳ್ತಿದೀರಿ? ಹೊಗೆ ತುಂಬಿದೆ. ನನಗೆ ಬಕಲ್ ಕಾಣ್ತಿಲ್ಲ."

"ಮೇಡಂ, ಪ್ಲೀಸ್. ಬಿಚ್ಚಿ."

ವೈದ್ಯಾಧಿಕಾರಿ ತಕ್ಷಣ ಬಿಚ್ಚಲಿಲ್ಲ. ಮ್ಯಾನೇಜರ ಕಾಲರಿನ ಅಂಚು ಬೆವರಿನಿಂದ ಒದ್ದೆಯಾಗುವುದು ನನಗೆ ಕಾಣುತ್ತಿತ್ತು. ಪಾಪ ಅನ್ನಿಸಿತು. ಆದರೆ ಎದ್ದು ಹೋಗಿ ಬಿಚ್ಚಬೇಕು ಅಂತ ಅನ್ನಿಸಲಿಲ್ಲ.

ಕೊನೆಗೆ ವೈದ್ಯಾಧಿಕಾರಿಯೇ ಬಕಲ್ ಒತ್ತಿದರು. "ಹಗಲು ಹಾರಾಟಕ್ಕೆ ಒಪ್ಪಿಗೆ ಬರೀತೀನಿ. ಉರಿಯೋ ಪರದೆಗಿಂತ ಪರದೆ ಇಲ್ಲದ್ದೇ ವಾಸಿ. ರಾತ್ರಿಗೆ ಮುಂದಿನ ಪರದೆ ಬೇಕೇ ಬೇಕು, ಅದು ಬರೋ ತನಕ ರಾತ್ರಿ ಹಾರಾಟ ಇಲ್ಲ." ಇಳಿಯುವಾಗ ನನ್ನ ಮುಂದೆ ಒಂದು ಕ್ಷಣ ನಿಂತರು. ನನ್ನ ಜೊತೆಗಾತಿಯ ಕೊರಳಿನ ಪಾಸು ತಿರುಗಿಕೊಂಡಿತ್ತು. ಅದನ್ನು ಫೋಟೋ ಕಾಣುವ ಹಾಗೆ ನೆಟ್ಟಗೆ ಮಾಡಿ ಇಳಿದುಹೋದರು.

ಅವರ ಜೀಪು ಹೋದ ಮೇಲೆ ಮ್ಯಾನೇಜರು ಹ್ಯಾಂಗರಿನ ಬಾಗಿಲಲ್ಲಿ ನಮ್ಮನ್ನು ತಡೆದರು. ಅಂಗಿಯ ಮೇಲೆ ಸ್ಟ್ರೆಚರಿನ ಪಟ್ಟಿಗಳ ಗೆರೆ ಇನ್ನೂ ಇತ್ತು. ಕೈ ಚಾಚಿದರು. "ಪಾಸ್."

"ಕೆಲಸ ಮುಗಿದ ಮೇಲೆ ತಾನೇ ಕೊಡೋದು?" ಅಂದೆ. "ಮೂರು ಪರದೆ ಬಾಕಿ ಇದೆ."

"ಬೇರೆಯವರ ಹತ್ರ ಹೊಲಿಸ್ತೀವಿ."

"ಹೊಲಿಸಿ. ಅವರು ತಂದ ದಿನ ಪಟ್ಟಿ ಸುಡುವಾಗ ನಾವೂ ಪಕ್ಕದಲ್ಲಿ ನಿಂತಿರ್ತೀವಿ. ಅದು ತಾನಾಗಿ ಆರಿದ್ದು ನೋಡಿ ಪಾಸ್ ಕೊಡ್ತೀವಿ. ನಾವೇ ಹೊಲಿಯೋದಾದ್ರೆ ಇನ್ನೂ ಒಳ್ಳೇದು. ಬಟ್ಟೆ ತರಿಸಿ."

ಅವರು ಇನ್ಸ್‌ಪೆಕ್ಟರ ಕಡೆ ನೋಡಿದರು. ಇನ್ಸ್‌ಪೆಕ್ಟರು ಸ್ವೆಟರಿನ ಗುಂಡಿ ನೋಡಿಕೊಳ್ಳುತ್ತಿದ್ದರು. ನಾವು ಅವರಿಬ್ಬರ ನಡುವಿನಿಂದ ಹೊರಟೆವು. ಪಾಸು ಕೊರಳಲ್ಲೇ ಇತ್ತು.

ಗೇಟಿನ ಕಾವಲುಗಾರನಿಗೆ ಒಳಗಿಂದ ಫೋನು ಬಂದಿರಬೇಕು. ಅವನೂ ಕೈ ಚಾಚಿದ. "ಪಾಸ್ ಇಸ್ಕೋಬೇಕಂತೆ ಅಕ್ಕ. ಕೆಲಸ ಆಯ್ತಂತಲ್ಲ?"

"ಎಲ್ಲಾಗ್ಯಾದ್ರಿ?" ಅಂದಳು ನನ್ನ ಜೊತೆಗಾತಿ, ಪಾಸನ್ನು ಸೆರಗಿನೊಳಗೆ ಸೇರಿಸುತ್ತಾ. "ನಾಳಿ ಮತ್ತ ಬರ್ತೀವಿ."

"ನಾಳೆ ಏನು ಕೆಲಸ?"

"ಕೇಳಾಕ್ರಿ. ಬಟ್ಟಿ ಬಂತಾ ಅಂತ."

ಮರುದಿನ ಹೋಗಿ ಕೇಳಿದೆವು. ಅದರ ಮರುದಿನವೂ ಹೋದೆವು. ಬಟ್ಟೆ ಬರುವ ತನಕ ದಿನಾ ಹೋಗಿ ಕೇಳಿದೆವು.